ಸೊಸೆಕಲ್ಲಿಗೊಂದು ಹೆಸರಿತ್ತೇ?

ಆನ್‌ಸೈಟ್ ಅಂತ ಇಂಗ್ಲೆಂಡಿಗೆ ಹೋದ ನಮ್ಮ ಕಡೆ ಹುಡುಗರು ವೀಕೆಂಡಿನಲ್ಲಿ ಹಳ್ಳಿ ಸುತ್ತಲು ಹೋದಾಗ ತಪ್ಪದೆ ಒಂದು ಫೋಟೋ ಕಳಿಸ್ತಾರೆ. ಚರ್ಚಿನ ಪಕ್ಕದಲ್ಲೋ ಮೂರು ದಾರಿ ಸೇರುವ ಕಡೆಯೋ ಒಂದು ಕಲ್ಲಿನ ಶಿಲುಬೆ, ಅದರ ಬುಡದಲ್ಲಿ ಹತ್ತಿಪ್ಪತ್ತು ಹೆಸರು. 1914ರಿಂದ 1918ರವರೆಗೆ ನಡೆದ ಮಹಾಯುದ್ಧಕ್ಕೆ ಆ ಊರಿಂದ ಹೋಗಿ ವಾಪಸ್ ಬರದೇ ಇದ್ದವರು. ಅದರ ಕೆಳಗೆ ಎರಡನೇ ಯುದ್ಧದ ಇನ್ನಷ್ಟು ಹೆಸರು. ಅಲ್ಲಿನ ಹೆಚ್ಚುಕಡಿಮೆ ಪ್ರತಿ ಹಳ್ಳಿಯೂ ಇಂಥದ್ದೊಂದು ಕಲ್ಲು ನೆಟ್ಟುಕೊಂಡಿದೆ. ಮೊದಲ ಯುದ್ಧಕ್ಕೆ ಹೋದವರೆಲ್ಲ ಜೀವಂತ ಮನೆಗೆ ಬಂದ ಹಳ್ಳಿಗಳು ಎಷ್ಟು ಕಡಿಮೆ ಅಂದರೆ, 1930ರ ದಶಕದಲ್ಲಿ ಆರ್ಥರ್ ಮೀ ಎಂಬ ಬರಹಗಾರ ಅವನ್ನು ಬೇರೆಯಾಗಿ ಎಣಿಸಿ, 'ಧನ್ಯ ಹಳ್ಳಿಗಳು' ಅನ್ನುವಂಥ ಹೆಸರನ್ನೇ ಕೊಟ್ಟ.

ಫೋಟೋ ಗ್ರೂಪಿಗೆ ಬಂದ ತಕ್ಷಣ ಯಾರಾದರೊಬ್ಬರು ಹೇಳ್ತಾರೆ: "ನೋಡ್ರಪ್ಪ, ಹಿಸ್ಟರಿ ಇಟ್ಕೊಳೋದು ಅಂದ್ರೆ ಇದು. ನಮ್ಮೂರಲ್ಲಿ ಏನೈತೆ ಮಣ್ಣು?"

ನಮ್ಮೂರಲ್ಲಿ ಏನಿದೆ ಅನ್ನೋದೇ ಈ ಬರಹದ ವಿಷಯ. ಇದೆ ಅನ್ನುವುದಷ್ಟೇ ನನ್ನ ಮಾತಲ್ಲ. ಇರುವುದು ಮೂರು ಬೇರೆ ಬೇರೆ ಕಡೆ ಹಂಚಿಹೋಗಿದೆ: ಕಲ್ಲಿನಲ್ಲಿ, ಕತೆಯಲ್ಲಿ, ಕಾದಂಬರಿಯಲ್ಲಿ. ಒಂದೊಂದನ್ನೂ ನಾವು ಬೇರೆ ಬೇರೆ ಜನ ಬೇರೆ ಬೇರೆ ಕಾರಣಕ್ಕೆ ಓದ್ತೀವಿ. ಒಟ್ಟಿಗೆ ಇಟ್ಟು ಓದಿದರೆ ಯಾರ ಸಾವನ್ನು ಊರು ನೆನಪಿಟ್ಟುಕೊಂಡಿತು, ಯಾರದ್ದನ್ನು ಮರೆಯಿತು ಅನ್ನೋದು ಕಾಣುತ್ತದೆ.

ಮೊದಲು ಕಲ್ಲು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳಲ್ಲಿ ಬಸ್ಸಿಳಿದು ಹಳ್ಳಿಯೊಳಕ್ಕೆ ನಡೆದರೆ ಊರಬಾಗಿಲಲ್ಲೋ ಕೆರೆ ಏರಿ ಮೇಲೋ ಗುಡಿ ಹಿಂದಿನ ಕಳ್ಳಿಸಾಲಲ್ಲೋ ಅರ್ಧ ಹೂತ ಚಪ್ಪಡಿಗಳು ಸಿಗುತ್ತವೆ. ಅದಕ್ಕೆ ಬೈಕು ಒರಗಿಸಿರುತ್ತಾರೆ, ಇಲ್ಲ ಟವೆಲ್ಲು ಒಣಹಾಕಿರುತ್ತಾರೆ, ಇಲ್ಲ ಅರಿಶಿನ ಕುಂಕುಮ ಬಳಿದು ವೀರಪ್ಪ ಮಾಡಿರುತ್ತಾರೆ. ಅವು ವೀರಗಲ್ಲುಗಳು. ಕೆಳಗಿನ ಪಟ್ಟಿಯಲ್ಲಿ ಹೊಡೆದಾಟ, ನಡುವಿನದರಲ್ಲಿ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುತ್ತಿರುವುದು, ಮೇಲಿನದರಲ್ಲಿ ಶಿವಲಿಂಗದ ಮುಂದೆ ಅವನು ಕೈ ಮುಗಿದು ಕೂತಿರುವುದು. ಮೇಲೆ ಸೂರ್ಯ ಚಂದ್ರ. ಮೂರು ಫ್ರೇಮಿನ ಕಾಮಿಕ್ ಸ್ಟ್ರಿಪ್ ಅಂದುಕೊಳ್ಳಿ, ಕೆಳಗಿನಿಂದ ಮೇಲಕ್ಕೆ ಓದಬೇಕು.

ಈ ಕಲ್ಲುಗಳ ಯುದ್ಧ ಯಾವುದು? ಹೊಯ್ಸಳರು, ಚೋಳರು ಅಂತ ನಾವು ಶಾಲೆಯಲ್ಲಿ ಓದಿದ ಯುದ್ಧಗಳೂ ಇವೆ. ಆದರೆ ಲೆಕ್ಕವಿಲ್ಲದಷ್ಟು ಕಲ್ಲುಗಳು 'ತುರುಗೊಳ್' ಕಾಳಗದವು. ಪಕ್ಕದ ಊರಿನವರು ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನು. ಗಡಿ ಜಗಳದಲ್ಲಿ ಸತ್ತವನು. ಹೆಂಗಸರ ಮೇಲೆ ಕೈ ಮಾಡಲು ಬಂದವರ ಎದುರು ನಿಂತು ಸತ್ತವನು. ಹುಲಿ ಜೊತೆ ಹೋರಾಡಿ ಸತ್ತವನು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿದ ಹತ್ತನೇ ಶತಮಾನದ ಕಲ್ಲು ಕಾಡುಹಂದಿಯ ಜೊತೆ ಸೆಣಸಿ ಸತ್ತ 'ಕಾಳಿ' ಎಂಬ ನಾಯಿಯದು. ನಾಯಿಗೂ ಹೆಸರಿದೆ. ಇದನ್ನು ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮ ಜಿಲ್ಲೆಗೆ ಇದು ಇನ್ನೂ ಹತ್ತಿರದ ಮಾತು. ಕನ್ನಡದ ಅತಿ ಹಳೆಯ ಶಾಸನ ಅಂತ ನಾವೆಲ್ಲ ಓದಿಕೊಂಡು ಬಂದ ಹಲ್ಮಿಡಿ ಶಾಸನ ಬೇಲೂರು ತಾಲ್ಲೂಕಿನದು. ಕಾಲ ಸುಮಾರು ಕ್ರಿ.ಶ. 450. ಎಂ.ಎಚ್. ಕೃಷ್ಣ ಅವರು ಅದನ್ನು 1936ರಲ್ಲಿ ಬೆಳಕಿಗೆ ತಂದರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಇಷ್ಟು ಬಾಯಿಪಾಠ. ಅದರಲ್ಲಿ ಏನು ಬರೆದಿದೆ ಅಂತ ಕೇಳಿದರೆ ಮಾತ್ರ ಮೌನ. ಬರೆದಿರುವುದು ಒಂದು ಯುದ್ಧದ ನೆನಪು. ಕೇಕಯ-ಪಲ್ಲವರ ಎದುರು ಹೋರಾಡಿದ ವಿಜ ಅರಸನಿಗೆ ಎರಡು ಹಳ್ಳಿಗಳನ್ನು 'ಬಾಳ್ಗಳ್ಚು' ಆಗಿ ಕೊಟ್ಟ ದಾಖಲೆ ಅದು. ಬಾಳು ಅಂದರೆ ಕತ್ತಿ, ಕಳ್ಚು ಅಂದರೆ ತೊಳೆಯುವುದು. ರಕ್ತದ ಕತ್ತಿ ತೊಳೆದುಕೊಳ್ಳಲಿ ಅಂತ ಕೊಟ್ಟ ಭೂಮಿ. ಬೆಂಗಳೂರಿನವರು ನಗಬೇಕಿಲ್ಲ. 'ಬೆಂಗಳೂರು' ಅನ್ನುವ ಹೆಸರು ಸಿಗುವ ಬೇಗೂರಿನ ಕಲ್ಲೂ ವೀರಗಲ್ಲೇ. ಸುಮಾರು ಕ್ರಿ.ಶ. 890ರಲ್ಲಿ ಬೆಂಗಳೂರು ಕಾಳಗದಲ್ಲಿ ಸತ್ತ, ನಾಗತ್ತರನ ಕಡೆಯ ಬುಟ್ಟನ ಸೆಟ್ಟಿಯ ನೆನಪಿನದು.

ಇವನ್ನೆಲ್ಲ ಓದಿ ಅಚ್ಚು ಹಾಕಿಸಿದ ದೊಡ್ಡ ಕೆಲಸ ಬಿ.ಎಲ್. ರೈಸ್ ಅವರದ್ದು. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದ ಇಂಗ್ಲಿಷ್ ಮನುಷ್ಯ, ಪಾದ್ರಿಯ ಮಗ, ಕನ್ನಡ ಬಲ್ಲವರು. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಹೊರತಂದರು. ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಅದಕ್ಕೂ ಮುಂಚೆ, 1870ರ ದಶಕದಲ್ಲೇ, ಅವರ ಮೈಸೂರು ಗೆಜೆಟಿಯರ್ ಬಂದಿತ್ತು. ಇವತ್ತು ನಮ್ಮ ಊರುಗಳ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಸಿಗುವ ಅರ್ಧ ಮಾಹಿತಿ ರೈಸ್ ಬರೆದದ್ದರ ಕಾಪಿಯ ಕಾಪಿ. ಪಾಳೇಗಾರ ಬೇಟೆಗೆ ಹೋಗಿದ್ದಾಗ ಮೊಲವೊಂದು ಊರೊಳಕ್ಕೆ ನುಗ್ಗಿತು, ಅದು ಅಪಶಕುನ ಅಂತ ಅವನು ಪೇಚಾಡಿದ, ಹಾಸನಮ್ಮ ಕಾಣಿಸಿಕೊಂಡು ಮೊಲ ಎದ್ದ ಜಾಗದಲ್ಲಿ ಕೋಟೆ ಕಟ್ಟು ಅಂದಳು ಎಂಬ ಹಾಸನದ ಹುಟ್ಟಿನ ಕತೆ ಗೆಜೆಟಿಯರಿನಲ್ಲೇ ಇದೆ.

ರೈಸ್‌ಗೆ ನಾವು ಋಣಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದುಗನಾಗಿ ನನಗೆ ಎರಡು ತಕರಾರಿದೆ. ಒಂದು: ಅವರಿಗೆ ಬೇಕಾಗಿದ್ದದ್ದು ರಾಜರ ಕಾಲಾನುಕ್ರಮ. ಯಾವ ರಾಜ, ಯಾವ ಶಕ ವರ್ಷ, ಯಾವ ಬಿರುದು. ದನ ಬಿಡಿಸಲು ಹೋಗಿ ಸತ್ತ ಗೌಡನ ಕಲ್ಲು ಆ ಲೆಕ್ಕದಲ್ಲಿ ಬಲ್ಲಾಳನ ಆಳ್ವಿಕೆಯ ತಾರೀಖು ಹೇಳುವ ಸಾಕ್ಷಿ ಮಾತ್ರ. ಸತ್ತವನೇ ಫುಟ್‌ನೋಟು. ಎರಡು: ಅಕ್ಷರ ಇದ್ದ ಕಲ್ಲಿಗೆ ನಂಬರು ಬಿತ್ತು, ಅಕ್ಷರ ಇಲ್ಲದ ಕಲ್ಲು ಹಾಗೇ ಉಳಿಯಿತು. ಶಾಸನ ಸಂಪುಟ ಅಂದ ಮೇಲೆ ಅದು ಸಹಜವೇ. ಆದರೆ ಚಿತ್ರ ಮಾತ್ರ ಇರುವ ವೀರಗಲ್ಲುಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೆತ್ತಿಸಿದವರಿಗೆ ಹೆಸರು ಗೊತ್ತಿತ್ತು, ಬರೆಯುವ ಅಗತ್ಯ ಕಾಣಲಿಲ್ಲ. ಅವರ ನಂತರದ ಮೂರು ತಲೆಮಾರಿಗೆ ಹೆಸರು ಹೋಯಿತು, ಅಪ್ಸರೆಯರು ಉಳಿದರು.

ಇನ್ನು ಹೆಂಗಸರ ಕಲ್ಲು. ವೀರಗಲ್ಲಿನ ಪಕ್ಕದಲ್ಲಿ ಎಷ್ಟೋ ಸಲ ಒಂದು ಮಾಸ್ತಿಗಲ್ಲು ಇರುತ್ತೆ. ಕಂಬದಿಂದ ಹೊರಟ ಒಂದು ತೋಳು, ತುಂಬಾ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಗಂಡನ ಚಿತೆ ಏರಿದವಳ ಗುರುತು. ಅವಳೀಗ ಮಾಸ್ತಮ್ಮ, ಪೂಜೆ ನಡೆಯುತ್ತೆ. ಒಂದು ಇಡೀ ಹೆಂಗಸಿನಲ್ಲಿ ಊರು ಉಳಿಸಿಕೊಂಡದ್ದು ಬಳೆ ಒಡೆಯದ ಒಂದು ಕೈ. ನನಗೆ ಆ ಕಲ್ಲಿನ ಮುಂದೆ ನಿಂತಾಗೆಲ್ಲ ಕಲೆಯ ಬಗ್ಗೆ ಮಾತಾಡಲು ಬಾಯಿ ಬರುವುದಿಲ್ಲ.

ಹಾಗಂತ ಕಲ್ಲಿಗೆ ಹೆಂಗಸರ ಹೆಸರು ಬರೆಯಲು ಬರುತ್ತಲೇ ಇರಲಿಲ್ಲ ಅಂತಲ್ಲ. ಇದೇ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಿ. ಗೊಮ್ಮಟನನ್ನು ನೋಡಿ ಇಳಿದವರು ಎದುರಿನ ಚಿಕ್ಕಬೆಟ್ಟ ಹತ್ತುವುದು ಕಡಿಮೆ. ಅಲ್ಲಿ ಬಂಡೆಯ ಮೇಲೆ ಏಳನೇ ಶತಮಾನದ ಸುಮಾರಿನ ಸಾಲುಗಳಿವೆ. ವ್ರತ ಹಿಡಿದು ದೇಹ ಬಿಟ್ಟ ಮುನಿಗಳ ಹೆಸರಿನ ಜೊತೆಗೆ ಗಂತಿಯರ ಹೆಸರೂ ಇವೆ. ನಾಗಮತಿ ಗಂತಿ ಎಂಬ ಸನ್ಯಾಸಿನಿಯ ಹೆಸರು ಇವತ್ತಿಗೂ ಓದಬಹುದು. ಮುಂದೆ ಹನ್ನೆರಡನೇ ಶತಮಾನದಲ್ಲಿ, ಮಗಳು ರಾಣಿ ಶಾಂತಲೆ ತೀರಿಕೊಂಡ ಮೇಲೆ ಬೆಳಗೊಳಕ್ಕೆ ಬಂದು ಸಲ್ಲೇಖನ ಹಿಡಿದು ಸತ್ತ ಮಾಚಿಕಬ್ಬೆಯ ಶಾಸನವೂ ಇಲ್ಲೇ ಇದೆ. ಅಂದರೆ ಸನ್ಯಾಸ ತಗೊಂಡವಳಿಗೆ ಹೆಸರು ಸಿಕ್ಕಿತು. ರಾಣಿಯ ತಾಯಿಗೆ ಸಿಕ್ಕಿತು. ಚಿತೆ ಏರಿದವಳಿಗೆ ಒಂದು ಕೈ ಸಿಕ್ಕಿತು. ಇವು ಯಾವುದೂ ಅಲ್ಲದೆ ಮನೆಯಲ್ಲಿ ಸತ್ತವಳಿಗೆ?

ಅವಳಿಗೆ ಸಿಕ್ಕಿದ್ದು ಕತೆ.

ಹಾಸನಾಂಬೆಯ ಗುಡಿಯ ಕ್ಯೂನಲ್ಲಿ ನಿಂತವರಿಗೆಲ್ಲ ಈ ಕತೆ ಗೊತ್ತು. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದು ಬಲಿಪಾಡ್ಯಮಿ ಸುಮಾರಿಗೆ ಮುಚ್ಚುವ ಗುಡಿ, ಹುತ್ತದ ರೂಪದ ದೇವಿಯರು, ಆರದ ದೀಪ. ಒಳಗೆ ಸೊಸೆಕಲ್ಲು. ಒಬ್ಬ ಸೊಸೆ ದಿನಾ ಹಾಸನಾಂಬೆಯ ದರ್ಶನಕ್ಕೆ ಬರುತ್ತಿದ್ದಳಂತೆ. ಮನೆಗೆಲಸ ಬಿಟ್ಟು ಎಲ್ಲಿಗೆ ಹೋಗ್ತಾಳೆ ಅಂತ ಅತ್ತೆ ಹಿಂದೆಯೇ ಬಂದಳು. ದೇವಿಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದವಳ ತಲೆಗೆ ಬಟ್ಟಲಿಂದ ಹೊಡೆದಳು. ಸೊಸೆ ದೇವಿಯನ್ನು ಕೂಗಿದಳು. ದೇವಿ ಕರಗಿ ಅವಳನ್ನು ತನ್ನ ಸನ್ನಿಧಿಯಲ್ಲೇ ಕಲ್ಲಾಗಿ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತಂತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತಂತೆ.

ಈಚಿನ ರೀಲ್ಸುಗಳಲ್ಲಿ ಈ ಕತೆಯ ಕೊನೆ ಭಾಗ ಮಾತ್ರ ಓಡುತ್ತೆ. ಕಲ್ಲು ಸರಿಯುತ್ತಾ ಇಲ್ವಾ, ವಿಜ್ಞಾನ ಏನು ಹೇಳುತ್ತೆ, ಶೇರ್ ಮಾಡಿ. ನಂಬುವವರೂ ನಂಬದವರೂ ಸೇರಿ ಅಕ್ಕಿಕಾಳನ್ನೇ ಅಳೀತಾರೆ. ನನಗೆ ಕತೆಯ ಮೊದಲ ಭಾಗ ಮುಖ್ಯ. ಒಬ್ಬಳು ಹುಡುಗಿ ದಿನಕ್ಕೊಂದು ಗಳಿಗೆ ಮನೆಯಿಂದ ಹೊರಗೆ ಇರಲು ಜಾಗ ಹುಡುಕಿಕೊಂಡಿದ್ದಳು. ಅಲ್ಲಿಗೂ ಅಟ್ಟಿಸಿಕೊಂಡು ಬಂದು ಅವಳ ತಲೆಗೆ ಹೊಡೆದರು. ಆಮೇಲೆ ಅವಳು ಮಾತಾಡಲಿಲ್ಲ, ಅಲ್ಲಾಡಲಿಲ್ಲ. ಪವಾಡ ಅನ್ನುವ ಪದ ತೆಗೆದಿಟ್ಟು ಇದನ್ನೊಮ್ಮೆ ಓದಿ. ಪೊಲೀಸ್ ಠಾಣೆಯ ಭಾಷೆಯಲ್ಲಿ ಇದಕ್ಕೆ ಬೇರೆ ಹೆಸರಿದೆ.

ಕತೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕತೆ ಒಂದನ್ನು ಉಳಿಸುತ್ತೆ, ಒಂದನ್ನು ಬಿಡುತ್ತೆ ಅಂತ ಹೇಳ್ತಿದ್ದೀನಿ. ಬೇಲೂರಿನ ಉದಾಹರಣೆ ತಗೊಳ್ಳಿ. ಗುಡಿ ಕಟ್ಟಿದ್ದು ಜಕಣಾಚಾರಿ, ವಿಗ್ರಹದಲ್ಲಿ ದೋಷ ತೋರಿಸಿದ್ದು ಮಗ ಡಂಕಣ, ತಂದೆ ತನ್ನ ಕೈ ಕತ್ತರಿಸಿಕೊಂಡ, ಇದು ನಾವೆಲ್ಲ ಕೇಳಿದ ಕತೆ. ಬೇಲೂರಿನ ಕಲ್ಲು ಹೇಳುವ ಹೆಸರುಗಳು ಬೇರೆ. ಅಲ್ಲಿ ಮದನಿಕೆಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಗಮನಿಸಿ, ಅಲ್ಲೂ ತಂದೆ ಮಗ ಇದ್ದರು. ಜನರ ಬಾಯಲ್ಲಿ ಹೆಸರು ಉಳಿಯಲಿಲ್ಲ, ಸಂಬಂಧ ಉಳಿಯಿತು, ಸಂಬಂಧದೊಳಗಿನ ಉರಿ ಉಳಿಯಿತು. ಸೊಸೆಕಲ್ಲಿನಲ್ಲೂ ಹಾಗೇ. ಅತ್ತೆ ಸೊಸೆ ಉಳಿದರು. ಏಟು ಉಳಿಯಿತು. ಹುಡುಗಿಗೆ ಅವರಪ್ಪ ಅಮ್ಮ ಇಟ್ಟ ಹೆಸರು ಏನು ಅಂತ ಯಾರಿಗೂ ಗೊತ್ತಿಲ್ಲ. ಆತಕೂರಿನ ನಾಯಿಗೆ ಹೆಸರಿತ್ತು.

ಕಲ್ಲು ಬಿಟ್ಟದ್ದನ್ನು, ಕತೆ ಮರೆಸಿದ್ದನ್ನು ಹಿಡಿದಿಟ್ಟದ್ದು ಕಾದಂಬರಿ. ಇಲ್ಲಿ ಹಾಸನ ಜಿಲ್ಲೆ ಅದೃಷ್ಟವಂತ. ಅರಕಲಗೂಡು ತಾಲ್ಲೂಕಿನ ಗೊರೂರಿನಿಂದ ರಾಮಸ್ವಾಮಿ ಅಯ್ಯಂಗಾರರು ಬಂದರು, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಿಂದ ಎಸ್.ಎಲ್. ಭೈರಪ್ಪ ಬಂದರು. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದ ಹಳ್ಳಿಯನ್ನು ಬರೆದರು, ಬ್ರಿಟಿಷರ ಕಾಲದ ಮೈಸೂರು ಸಂಸ್ಥಾನದ ಹಳ್ಳಿ. ಆದರೆ ಎರಡೂ ಒಂದೇ ಜಿಲ್ಲೆಯವು ಅಂದರೆ ನಂಬೋದು ಕಷ್ಟ.

ಗೊರೂರರ 'ಹಳ್ಳಿಯ ಚಿತ್ರಗಳು', 'ನಮ್ಮ ಊರಿನ ರಸಿಕರು' ಓದಿದರೆ ಆ ಊರಿಗೆ ಬಸ್ಸು ಹತ್ತಬೇಕು ಅನ್ನಿಸುತ್ತೆ. 'ಭೂತಯ್ಯನ ಮಗ ಅಯ್ಯು' ಸಿನಿಮಾ ನೋಡಿದವರಿಗೆ ಅವರ ಲೋಕದ ಒಂದು ತುಣುಕು ಗೊತ್ತು. 1942ರ ಚಳವಳಿಯಲ್ಲಿ ಜೈಲಿಗೆ ಹೋದ ಗಾಂಧಿವಾದಿ ಅವರು. ಹಾಗಿದ್ದೂ ಅವರ ಪ್ರಬಂಧಗಳಲ್ಲಿ ಕಹಿ ಇಲ್ಲ. ಅವರ ನಗು ಯಾರನ್ನೂ ಕೆಳಗಿಡುವುದಿಲ್ಲ, ಪ್ರತಿಯೊಬ್ಬನ ಹುಚ್ಚಿಗೂ ಒಂದು ಕುರ್ಚಿ ಹಾಕಿ ಕೂರಿಸುತ್ತದೆ. ಊರಿನ ಮನುಷ್ಯರನ್ನು ಹೆಸರು, ಅಡ್ಡಹೆಸರು, ಚಟದ ಸಮೇತ ಉಳಿಸಿದವರು ಅವರು. ರೈಸ್ ಕೈಬಿಟ್ಟ ಕೆಲಸ ಇದೇ. ಮಿತಿಯೂ ಅಲ್ಲೇ ಇದೆ. ನಗುವ ಊರಿನಲ್ಲಿ ಅಡುಗೆಮನೆಯ ಬಾಗಿಲು ಹೆಚ್ಚು ಹೊತ್ತು ತೆರೆದಿರುವುದಿಲ್ಲ. ಜಗುಲಿಯ ಮೇಲೆ ಕೂತು ಕಂಡ ಊರು ಅದು, ಆ ಜಗುಲಿ ಗಂಡಸರದ್ದು.

ಭೈರಪ್ಪನವರ 'ಗೃಹಭಂಗ' (1970) ಆ ಬಾಗಿಲನ್ನು ಒದ್ದು ತೆರೆಯುತ್ತದೆ. ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವವಳು ಅವಳು, ಹುದ್ದೆ ಅವನದು. ಮಕ್ಕಳ ಹೊಟ್ಟೆಗಾಗಿ ಎಲೆ ಹಚ್ಚಿ ಮಾರುವವಳೂ ಅವಳೇ. ಅತ್ತೆ ಗಂಗಮ್ಮನ ಬಾಯಿ ಕನ್ನಡ ಸಾಹಿತ್ಯದಲ್ಲಿ ಅಷ್ಟು ಸುಲಭಕ್ಕೆ ಮರೆಯುವಂಥದ್ದಲ್ಲ. ಆಮೇಲೆ ಪ್ಲೇಗು. ಬೆಳೆದ ಮಕ್ಕಳಿಬ್ಬರನ್ನು ಅದು ಎಳೆದುಕೊಂಡು ಹೋಗುತ್ತೆ, ಕೊನೆಗೆ ನಂಜಮ್ಮನನ್ನೂ. ಭೈರಪ್ಪನವರು ತಮ್ಮ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳಕೊಂಡವರು. ಅದು ಗೊತ್ತಿಲ್ಲದೆ ಓದಿದರೂ ಆ ಪುಟಗಳು ಕಟ್ಟಿದ್ದಲ್ಲ, ಕಂಡದ್ದು ಅಂತ ತಿಳಿಯುತ್ತೆ.

ನನ್ನ ಲೆಕ್ಕದಲ್ಲಿ ನಂಜಮ್ಮ ಸೊಸೆಕಲ್ಲಿಗೆ ಬರೆದ ಹೆಸರು. ಅದೇ ಅತ್ತೆ, ಅದೇ ಏಟು, ಅದೇ ಸೀಮೆ. ಇಲ್ಲಿ ದೇವಿ ಬಂದು ಕಲ್ಲು ಮಾಡಲಿಲ್ಲ, ಅಷ್ಟೇ. ದುಡ್ಡಿನ ಲೆಕ್ಕ, ಹಿಟ್ಟಿನ ಲೆಕ್ಕ, ಸಿಟ್ಟು, ಹಟ ಎಲ್ಲದರ ಜೊತೆ ಅವಳು ಪೂರ್ತಿ ಮನುಷ್ಯಳಾಗಿ ಸಾಯುತ್ತಾಳೆ.

ಇದಕ್ಕೂ ತಕರಾರಿದೆ. ನಂಜಮ್ಮ ಎಷ್ಟು ಸಹಿಸುತ್ತಾಳೆ ಅಂದರೆ ಒಂದು ಹಂತದಲ್ಲಿ ಓದುಗ ಅವಳಿಗೂ ಕುಂಕುಮ ಬಳಿಯಲು ಶುರುಮಾಡುತ್ತಾನೆ. "ಎಂಥಾ ಮಹಾತಾಯಿ" ಅಂತ ಕಣ್ಣೊರೆಸಿಕೊಂಡರೆ ಅವಳು ಮತ್ತೆ ಮಾಸ್ತಿಗಲ್ಲಿನ ಕೈ ಆಗಿಬಿಡುತ್ತಾಳೆ. ಇದು ಸ್ವಲ್ಪ ಕಾದಂಬರಿಯ ತಪ್ಪು, ಹೆಚ್ಚು ನಮ್ಮ ಓದಿನ ತಪ್ಪು. ಇನ್ನೊಂದು ಮಾತು: ಗೊರೂರರದ್ದೂ ಭೈರಪ್ಪನವರದ್ದೂ ಬ್ರಾಹ್ಮಣರ ಮನೆಯೊಳಗಿಂದ ಕಂಡ ಊರು. ಪ್ಲೇಗು ಊರಾಚೆಯ ಕೇರಿಗಳಿಗೂ ನುಗ್ಗಿತ್ತು. ಅಲ್ಲಿನ ನಂಜಮ್ಮನ ಹೆಸರು ಈ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಯುದ್ಧದ ನೆನಪು ಅಂತ ಶುರುಮಾಡಿ ಪ್ಲೇಗಿಗೆ ಬಂದೆಯಲ್ಲ ಅಂತ ಕೇಳಬಹುದು. ಅರಕಲಗೂಡು ಕಡೆಯ ನಮ್ಮಜ್ಜಿಯನ್ನು ಎರಡನೇ ಮಹಾಯುದ್ಧದ ಬಗ್ಗೆ ಕೇಳಿದಾಗ ನನಗೂ ಸಿಕ್ಕಿದ್ದು ಇದೇ ಉತ್ತರ. "ಯುದ್ಧ ಎಲ್ಲಾಯ್ತೋ ನಮ್ಗೇನ್ ಗೊತ್ತು ಮಗಾ. ಸೀಮೆಎಣ್ಣೆ ಸಿಗ್ತಿರ್ಲಿಲ್ಲ. ಬಟ್ಟೆಗೂ ಕಂಟ್ರೋಲು. ರಾಗಿ ಲೆವಿಗೆ ಅಳ್ಕೊಂಡ್ ಹೋಗೋರು. ಅದಾದ್ಮೇಲೋ ಮುಂಚೆನೋ ಇಲಿ ಬಿತ್ತು, ಎಲ್ರೂ ತೋಟದಾಗೆ ಗುಡ್ಲು ಹಾಕ್ಕೊಂಡ್ವಿ." ಚರಿತ್ರೆಯ ಪುಸ್ತಕದಲ್ಲಿ 1942ರಲ್ಲಿ ಬರ್ಮಾ ಜಪಾನಿಯರ ಕೈಸೇರಿ ರಂಗೂನಿನ ಅಕ್ಕಿ ನಿಂತದ್ದು ಒಂದು ವಾಕ್ಯ. ಅಜ್ಜಿಗೆ ಅದು ಸೀಮೆಎಣ್ಣೆ ಇಲ್ಲದ ಬುಡ್ಡಿ, ಅಳೆದುಕೊಂಡು ಹೋದ ರಾಗಿ. ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ಹಾರಿಸಿ ಗೆದ್ದದ್ದಕ್ಕೆ ದಿಲ್ಲಿಯ ತೀನ್ ಮೂರ್ತಿಯಲ್ಲಿ ಸ್ಮಾರಕ ಇದೆ, ಬೆಂಗಳೂರಿನ ಜೆ.ಸಿ. ನಗರದಲ್ಲೂ ಇದೆ. ಇರಬೇಕಾದ್ದೇ. ಗುಡಿಸಲಿನಲ್ಲಿ ಸತ್ತವರಿಗೆ ಎಲ್ಲೂ ಇಲ್ಲ.

ಗುಡಿಸಲಿಗೆ ಹೋಗುವಾಗ ಇದ್ದು ವಾಪಸ್ ಬರುವಾಗ ಇಲ್ಲದವರಲ್ಲಿ ಅಜ್ಜಿಯ ಓರಗಿತ್ತಿಯೂ ಒಬ್ಬಳು. ಹೆಸರು ಕೇಳಿದೆ. "ಚಿಕ್ಕ್ ಸೊಸೆ ಅಂತಿದ್ರು" ಅಂದರು. ತುಂಬಾ ಹೊತ್ತು ಯೋಚನೆ ಮಾಡಿ ಆಮೇಲೆ ಹೆಸರು ಹೇಳಿದರು. ಬರೆದಿಟ್ಟುಕೊಂಡೆ.

ಗೊರೂರರ ಕಾದಂಬರಿಗೆ ಹೆಸರಾದ ಹೇಮಾವತಿಗೆ ಅವರ ಊರಿನಲ್ಲೇ ಅಣೆಕಟ್ಟು ಬಂತು, 1979ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಹಳ್ಳಿಗಳು ಹೋದವು. ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮತ್ತೆ ನಿಲ್ಲುತ್ತೆ. ಬೆಂಗಳೂರಿನಿಂದ ಪ್ರೀ-ವೆಡ್ಡಿಂಗ್ ಶೂಟಿಗೆ ಜನ ಹೋಗ್ತಾರೆ. ಚೆಂದದ ಪಾಳು ಕಟ್ಟಡ ಬಿಟ್ಟುಹೋದ ಊರು ಫೋಟೋದಲ್ಲಾದರೂ ಉಳಿಯುತ್ತೆ. ಹಟ್ಟಿ, ಕಣ, ಮಣ್ಣಿನ ಗೋಡೆ ಬಿಟ್ಟುಹೋದ ಊರು ಹಾಗೂ ಉಳಿಯಲ್ಲ. ಅಲ್ಲಿ ಬಾಳಿದವರಲ್ಲಿ ಬದುಕಿರುವವರು ಇನ್ನೂ ಇದ್ದಾರೆ, ಅದೇ ಜಿಲ್ಲೆಯ ಪುನರ್ವಸತಿ ಊರುಗಳಲ್ಲಿ, ನಮ್ಮ ನಿಮ್ಮ ಅಪ್ಪಂದಿರ ವಯಸ್ಸಿನವರು.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಊರಿನ ಶಾಸನಕಲ್ಲುಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಅದರಲ್ಲಿ ಕೈಜೋಡಿಸಿದವರಲ್ಲಿ ನಮ್ಮಂಥವರೇ, ಸಾಫ್ಟ್‌ವೇರಿನವರೇ ಇದ್ದಾರೆ. ಹಾಸನದ ಕಲ್ಲುಗಳಿಗೂ ಅದು ಆಗಲಿ, ಅಕ್ಷರ ಇಲ್ಲದ ಕಲ್ಲುಗಳಿಗೂ ಆಗಲಿ. ಆದರೆ ಸ್ಕ್ಯಾನರಿಗೆ ಸಿಗುವುದು ಕೆತ್ತಿದ್ದು ಮಾತ್ರ. ಕೆತ್ತದೇ ಇದ್ದದ್ದಕ್ಕೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಇರುವಂಥ ಜನ ಬೇಕು: ರಿಟೈರ್ ಆದ ಮೇಷ್ಟ್ರು, ಪೋಸ್ಟ್‌ಮನ್ನು, ಮನೆಮನೆಗೆ ಹೋಗಿ ಮುದುಕರನ್ನು ಮಾತಾಡಿಸಿ ಒಂದು ತೆಳ್ಳನೆ ಪುಸ್ತಕ ಮಾಡಿ ಊರಿನ ಲೈಬ್ರರಿಗೆ ಕೊಡುವವರು. ಅದರಲ್ಲಿ ಸಾಹಿತ್ಯ ಇರಲೇಬೇಕಂತಿಲ್ಲ.

ಈ ದೀಪಾವಳಿಗೆ ಊರಿಗೆ ಹೋದಾಗ ಹಾಸನಾಂಬೆಯ ಕ್ಯೂ ಉದ್ದ ಇರುತ್ತೆ, ಟೈಮು ಬೇಕಾದಷ್ಟು ಸಿಗುತ್ತೆ. ಜೊತೆಗೆ ಬಂದಿರುವ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಒಂದು ಪ್ರಶ್ನೆ ಕೇಳಿ: ನಮ್ಮನೆಗೆ ಬಂದ ಸೊಸೆಯರಲ್ಲಿ ಬೇಗ ಸತ್ತವರು ಯಾರ್ಯಾರು? 'ದೊಡ್ಡ ಸೊಸೆ', 'ಚಿಕ್ಕ ಸೊಸೆ', 'ಅವಳು' ಅಂತ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಬೇಡಿ. ಹೆಸರು ಕೇಳಿ, ತವರು ಯಾವೂರು ಕೇಳಿ, ಹೇಗೆ ಸತ್ತಳು ಅಂತಲೂ ಕೇಳಿ. ಕೊನೆಯ ಪ್ರಶ್ನೆಗೆ ಕೆಲವು ಮನೆಗಳಲ್ಲಿ ಮಾತು ಬೇರೆ ಕಡೆ ತಿರುಗುತ್ತೆ. ಅದನ್ನೂ ಬರೆದಿಟ್ಟುಕೊಳ್ಳಿ.